ಸಣ್ಣ ಸರ್ಕಾರಿ ಶಾಲೆಯಲ್ಲಿ ಮಾಸ್ತರರ ಲೆಕ್ಕ ಹಾಕುವುದು ಹೇಗೆ, ಮಕ್ಕಳಿಗೆ ನೆರವು ತರಿಸುವುದು ಹೇಗೆ

ನಮ್ಮ ಕಡೆ, ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ, ಯಾವ ಊರಿಗೆ ಹೋದರೂ ಶಾಲೆಯ ಬಗ್ಗೆ ಬರುವ ಮೊದಲ ಮಾತು ಒಂದೇ. 'ಮಾಸ್ತರ ಇಲ್ರೀ.' ಇಂಡಿಯಲ್ಲೂ ಇದೇ, ಬೀಳಗಿಯಲ್ಲೂ ಇದೇ, ಖಾನಾಪುರದ ಕಾಡಂಚಿನ ಊರಲ್ಲೂ ಇದೇ. ಮಾತು ಸುಳ್ಳಲ್ಲ. ಆದರೆ ಇದೊಂದೇ ಮಾತು ಹಿಡಿದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಬರಿಗೈಲಿ ವಾಪಸ್ ಬರುತ್ತೀರಿ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಶಾಲೆಗೆ ಮೂರು ಹುದ್ದೆ, ಮೂರೂ ಭರ್ತಿ ಅಂತ ಇರುತ್ತದೆ. ಆ ಮೂವರಲ್ಲಿ ಒಬ್ಬರು ಜೂನ್‌ನಿಂದ ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗಿದ್ದಾರೆ, ಒಬ್ಬರು ಹೆರಿಗೆ ರಜೆಯಲ್ಲಿದ್ದಾರೆ, ಉಳಿದ ಹೆಡ್ ಮಾಸ್ತರು ಅರ್ಧ ವಾರ ಮೀಟಿಂಗು, ರಿಪೋರ್ಟು ಅಂತ ಓಡಾಡುತ್ತಿದ್ದಾರೆ ಅನ್ನುವುದು ಆ ಪರದೆ ಮೇಲೆ ಕಾಣುವುದಿಲ್ಲ.

ಹಾಗಾಗಿ ಕೇಳುವ ಪ್ರಶ್ನೆ ಬದಲಿಸಿ. ಶಾಲೆಗೆ ಎಷ್ಟು ಮಾಸ್ತರರು ಅಂತ ಕೇಳಬೇಡಿ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಯಾವ ತರಗತಿಯಲ್ಲಿ ಯಾರು ನಿಂತಿದ್ದರು ಅಂತ ಕೇಳಿ. ಇದಕ್ಕೆ ಕಾಗದದ ಮೇಲೆ ಉತ್ತರ ಇದ್ದವರ ಕೆಲಸ ಆಗುತ್ತದೆ, ಇಲ್ಲದವರು ಚಹಾ ಕುಡಿದು ಬರುತ್ತಾರೆ. ಈ ಬರಹ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಪಾಲಕರಿಗೆ, ಊರಿನ ಬಗ್ಗೆ ಸ್ವಲ್ಪ ಕಾಳಜಿ ಇರುವ ಹುಡುಗರಿಗೆ. ಮಾಸ್ತರರ ವಿರುದ್ಧ ಬರೆದದ್ದಲ್ಲ. ಸಣ್ಣ ಶಾಲೆಯ ಒಳ್ಳೆ ಮಾಸ್ತರರು ಇದನ್ನು ಓದಿದರೆ ನಿಮಗಿಂತ ಜಾಸ್ತಿ ಖುಷಿಪಡುತ್ತಾರೆ.

ಮೊದಲು ಕಾನೂನಿನ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ನಮಗೆ ಬೇಕಾದ್ದು ಅಲ್ಲೇ ಇದೆ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳವರೆಗೆ ಇದ್ದರೆ ಇಬ್ಬರು ಶಿಕ್ಷಕರು. 61ರಿಂದ 90 ಇದ್ದರೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಇವರ ಜೊತೆಗೊಬ್ಬ ಮುಖ್ಯ ಶಿಕ್ಷಕರು. ಆರರಿಂದ ಎಂಟಕ್ಕೆ ಲೆಕ್ಕ ಬೇರೆ. ಅಲ್ಲಿ ತರಗತಿಗೆ ಕನಿಷ್ಠ ಒಬ್ಬರಂತೆ ಇರಬೇಕು, ಗಣಿತ-ವಿಜ್ಞಾನಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಬೇಕು, 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆ ಆಗಬಾರದು.

ಮಂಜೂರಾದ ಹುದ್ದೆಯಲ್ಲಿ ಖಾಲಿ ಇರುವುದು ಶೇ 10 ಮೀರಬಾರದು ಅಂತಲೂ ಅದೇ ಕಾಯ್ದೆಯ 26ನೇ ಕಲಂ ಹೇಳುತ್ತದೆ. ಮೂರು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿ ಆದರೆ ಮೂರನೇ ಒಂದು ಭಾಗವೇ ಖಾಲಿ. ಎರಡು ಹುದ್ದೆಯ ಶಾಲೆಯಲ್ಲಿ ಅರ್ಧ ಶಾಲೆಯೇ ಹೋಯಿತು. ದೊಡ್ಡ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಉಳಿದವರು ಹಂಚಿಕೊಳ್ಳುತ್ತಾರೆ, ಸಣ್ಣ ಶಾಲೆಗೆ ಆ ಅನುಕೂಲ ಇಲ್ಲ. ಮನವಿಯಲ್ಲಿ ಈ ಮಾತು ಬರೆಯಿರಿ, ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಕಾಯ್ದೆಯ ಲೆಕ್ಕ ಬೇರೆ, ನಿಮ್ಮ ಶಾಲೆಗೆ ಮಂಜೂರಾದ ಹುದ್ದೆ ಬೇರೆ, ಭರ್ತಿಯಾದ ಹುದ್ದೆ ಬೇರೆ, ನಿಜವಾಗಿ ಬರುವವರು ಬೇರೆ. ನಾಲ್ಕನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಮಂಜೂರಾದ ಹುದ್ದೆ ಎಷ್ಟು ಅಂತ ಹೆಡ್ ಮಾಸ್ತರಿಗೆ ಗೊತ್ತಿರುತ್ತದೆ. ಹೇಳಲು ಹಿಂದೆಮುಂದೆ ನೋಡಿದರೆ ಬಿಇಒ ಕಚೇರಿಯ ವಿಷಯ ನಿರ್ವಾಹಕರ ಹತ್ತಿರ ಪಟ್ಟಿ ಇದ್ದೇ ಇರುತ್ತದೆ.

61ನೇ ಮಗು

ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. 60 ಮಕ್ಕಳಿಗೆ ಇಬ್ಬರು, 61ಕ್ಕೆ ಮೂವರು. ಅಂದರೆ ಒಂದು ಮಗು ಹೆಚ್ಚು ಕಡಿಮೆ ಆದರೆ ಒಂದು ಹುದ್ದೆ ಹೆಚ್ಚು ಕಡಿಮೆ. ಮಕ್ಕಳು ಕಡಿಮೆ ಆದರೆ ಮಾಸ್ತರರು 'ಹೆಚ್ಚುವರಿ' ಅಂತ ಪಟ್ಟಿಯಲ್ಲಿ ಬಂದು ಬೇರೆ ಶಾಲೆಗೆ ಹೋಗುತ್ತಾರೆ. ಒಬ್ಬ ಮಾಸ್ತರು ಹೋದ ಮೇಲೆ ಪಾಲಕರು 'ಇಲ್ಲಿ ಯಾರೂ ಕಲಿಸೋರಿಲ್ಲ' ಅಂತ ಮಕ್ಕಳನ್ನು ವ್ಯಾನು ಹತ್ತಿಸಿ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಕಳಿಸುತ್ತಾರೆ, ಆಗ ಇನ್ನೊಂದು ಹುದ್ದೆ ಅಲ್ಲಾಡುತ್ತದೆ. ಸಣ್ಣ ಶಾಲೆಗಳು ಮುಚ್ಚುವುದು ಒಂದೇ ದಿನಕ್ಕಲ್ಲ, ಹೀಗೆ ಮೆಲ್ಲಗೆ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ದೊಡ್ಡ ಕಾರಣ ಗುಳೆ. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾ, ಮುಂಬಯಿ ಕಡೆಗೆ ಜನ ಹೋಗುತ್ತಾರೆ. ದಸರೆ ಮುಗಿದು ಕಾರ್ಖಾನೆ ಶುರುವಾಗುವ ಹೊತ್ತಿಗೆ ಮನೆಗೆ ಬೀಗ ಬೀಳುತ್ತದೆ, ಮಕ್ಕಳೂ ಗ್ಯಾಂಗಿನ ಜೊತೆ ಹೋಗುತ್ತಾರೆ, ವಾಪಸ್ ಬರುವುದು ಯುಗಾದಿ ಆಸುಪಾಸಿಗೆ. ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ಇಲ್ಲಿ ಏನು ಮಾಡಬೇಕು? ಸೆಪ್ಟೆಂಬರ್‌ನಲ್ಲೇ ತಾಂಡಾದಲ್ಲಿ ಒಂದು ಸುತ್ತು ಹಾಕಿ. ಈ ವರ್ಷ ಯಾರ ಮನೆ ಹೊರಡುತ್ತದೆ, ಯಾರಿಗೆ ಮುಂಗಡ ಬಂದಿದೆ ಅಂತ ಗ್ಯಾಂಗು ಕರೆದೊಯ್ಯುವ ಮುಕಾದಮನಿಗೆ ಗೊತ್ತಿರುತ್ತದೆ. ಅಂಥ ಮಕ್ಕಳ ಪಟ್ಟಿ ಮಾಡಿ. ಅಜ್ಜಿ ಇದ್ದ ಮನೆಯಲ್ಲಿ ಮಗುವನ್ನು ಬಿಟ್ಟು ಹೋಗಲು ಒಪ್ಪುತ್ತಾರಾ ಕೇಳಿ. ಅಜ್ಜಿ ಇಲ್ಲದವರಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿ ವ್ಯವಸ್ಥೆ ಅಂತ ಒಂದಿದೆ. ಗುಳೆ ಹೋಗುವ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವುದಕ್ಕೇ ಮಾಡಿದ್ದು. ಅದು ತಾನಾಗಿ ಬರುವುದಿಲ್ಲ. ಪಟ್ಟಿ ಸಮೇತ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಆರ್‌ಸಿಗೆ (ತಾಲೂಕಿನ ಸಂಪನ್ಮೂಲ ಕೇಂದ್ರ) ಕೇಳಬೇಕು, ಅದೂ ಜನ ಹೊರಡುವ ಮೊದಲೇ. ದೀಪಾವಳಿ ಆದ ಮೇಲೆ ಕೇಳಿದರೆ ಖಾಲಿ ತಾಂಡಾ ತೋರಿಸಿ ವಸತಿ ಕೊಡಿ ಅಂದ ಹಾಗೆ ಆಗುತ್ತದೆ.

ಮಗು ಹೋಗಲೇಬೇಕಾದರೆ ಅದರ ಸ್ಯಾಟ್ಸ್ ನಂಬರು (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ನಂಬರು), ತರಗತಿ, ಶಾಲೆಯ ಹೆಸರು, ಹೆಡ್ ಮಾಸ್ತರ ಫೋನು ಬರೆದ ಒಂದು ಚೀಟಿಯನ್ನು ತಾಯಿಯ ಕೈಗೆ ಕೊಟ್ಟು ಕಳಿಸಿ. ಟಿಸಿ ತಡವಾಯಿತು ಅಂತ ಯಾವ ಸರ್ಕಾರಿ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ, ಅದು ಕಾಯ್ದೆಯ 5ನೇ ಕಲಂನಲ್ಲೇ ಇದೆ. ಜನನ ಪ್ರಮಾಣ ಪತ್ರ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ. ಇತ್ತ ಮುಧೋಳ, ಜಮಖಂಡಿ, ಅಥಣಿ ಕಡೆಯವರೂ ಒಂದು ನೆನಪಿಟ್ಟುಕೊಳ್ಳಿ. ನಿಮ್ಮ ಕಾರ್ಖಾನೆಯ ಪಕ್ಕ ಗುಡಿಸಲು ಹಾಕಿಕೊಂಡ ಗ್ಯಾಂಗಿನಲ್ಲೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಇರುತ್ತಾರೆ. ಅವರನ್ನು ಕರೆದು ಕೂರಿಸಿಕೊಳ್ಳುವುದು ನಿಮ್ಮ ಶಾಲೆಯ ಕೆಲಸ.

ಹುದ್ದೆ ಉಳಿಸುವುದಕ್ಕಾಗಿ ಇಲ್ಲದ ಮಕ್ಕಳ ಹೆಸರು ಬರೆಯುವುದು ಮಾತ್ರ ಬೇಡ. ಎರಡು ಶಾಲೆಯಲ್ಲಿ ಒಂದೇ ಮಗು ಇದ್ದರೆ ಆನ್‌ಲೈನ್ ದಾಖಲೆಯಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ನೀವು ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ದೇಶದ ಎಲ್ಲ ಶಾಲೆಗಳ ಲೆಕ್ಕ ಇಡುವ ಯು-ಡೈಸ್‌ಗೆ ಸೆಪ್ಟೆಂಬರ್ 30ರ ಸ್ಥಿತಿಯೇ ಆಧಾರ. ಆ ದಿನಕ್ಕೆ ಮೊದಲು ಊರಲ್ಲಿರುವ, ಶಾಲೆಗೆ ಬರದ ನಿಜವಾದ ಮಕ್ಕಳನ್ನು ಹುಡುಕಿ ತನ್ನಿ. ಪ್ರತಿ ಊರಲ್ಲೂ ನಾಲ್ಕಾರು ಸಿಗುತ್ತಾರೆ. ಕುರಿ ಹಿಂದೆ ಹೋದವನು, ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಕೂತವಳು, ಇಳಕಲ್ಲು ಬನಹಟ್ಟಿ ಕಡೆಯಾದರೆ ಮಗ್ಗದ ಪಕ್ಕ ಕಂಡಿಕೆ ಸುತ್ತುವವಳು.

ಒಂದು ತಿಂಗಳ ಚಾರ್ಟು

ಈಗ ಮುಖ್ಯ ಕೆಲಸ. ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಗಡೆ ತಾರೀಖು, ಮೇಲ್ಗಡೆ ಒಂದೊಂದು ತರಗತಿ. ಪ್ರತಿ ಶಾಲಾ ದಿನ ಬೆಳಗಿನ ಎರಡನೇ ಅವಧಿ ಮತ್ತು ಊಟದ ನಂತರದ ಮೊದಲ ಅವಧಿ, ಈ ಎರಡೇ ಹೊತ್ತು, ಯಾವ ತರಗತಿಗೆ ಯಾರಿದ್ದರು, ಎಷ್ಟು ಮಕ್ಕಳಿದ್ದರು ಬರೆಯಿರಿ. ಯಾರೂ ಇಲ್ಲದಿದ್ದರೆ ಖಾಲಿ ಬಿಡಿ. ಎರಡು ತರಗತಿ ಕೂಡಿಸಿದ್ದರೆ ಒಂದೇ ಆವರಣ ಹಾಕಿ. ನಾಲ್ಕು ವಾರ ಸಾಕು, ವರ್ಷವಿಡೀ ಬೇಕಿಲ್ಲ.

ವಾರ ಆರಿಸುವಾಗ ತಲೆ ಓಡಿಸಿ. ಬಾದಾಮಿ ಕಡೆಯವರು ಬನಶಂಕರಿ ಜಾತ್ರೆಯ ವಾರ ಬೇಡ, ಸವದತ್ತಿ ಕಡೆಯವರು ಭಾರತ ಹುಣ್ಣಿಮೆಯ ವಾರ ಬೇಡ, ತೊಗರಿ ಕಟಾವಿನ ವಾರವೂ ಬೇಡ. ಆಗ ಶಾಲೆ ಹೇಗೂ ಅರ್ಧ ಖಾಲಿ, ಅಧಿಕಾರಿಗಳು ಅದನ್ನೇ ನೆಪ ಮಾಡಿ ನಿಮ್ಮ ಚಾರ್ಟು ಪಕ್ಕಕ್ಕಿಡುತ್ತಾರೆ. ಜುಲೈ, ಆಗಸ್ಟ್ ಒಳ್ಳೆಯದು.

ಚಾರ್ಟನ್ನು ಕದ್ದು ಮಾಡಬೇಡಿ. ಹೆಡ್ ಮಾಸ್ತರಿಗೆ ಹೇಳಿ, ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ, ಅವರಿಂದಲೇ ಬರೆಸಿದರೆ ಇನ್ನೂ ಉತ್ತಮ. ಕಾಯ್ದೆ ಪ್ರಕಾರ ಈ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆ ನಡೆಯುವುದನ್ನು ಗಮನಿಸುವುದು ಸಮಿತಿಯ ಮೊದಲ ಕೆಲಸ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ 'ನಿಮ್ಮನ್ನು ಹಿಡಿಯೋಕೆ ಬಂದಿದ್ದೀವಿ' ಅನ್ನುವ ಧಾಟಿಯಲ್ಲಿ ಹೋದರೆ ಮುಗೀತು. 'ಸರ್, ನಿಮಗೆ ಇನ್ನೊಬ್ಬರನ್ನು ತರಿಸೋಕೆ ಇದು ಬೇಕು' ಅಂತ ಹೇಳಿ. ನಿಜವೂ ಅದೇ ಅಲ್ವಾ?

ಚಾರ್ಟಿನ ಪಕ್ಕ ಇನ್ನೊಂದು ಸಾಲು ಇರಲಿ. ಮಾಸ್ತರು ಇಲ್ಲದ ದಿನ ಎಲ್ಲಿಗೆ ಹೋಗಿದ್ದರು? ಶಾಲೆಯ ಚಲನವಲನ ವಹಿಯಲ್ಲಿ ಇದು ಬರೆದಿರುತ್ತದೆ. ಇಲ್ಲಿಯೇ ಅಸಲಿ ಕಥೆ ಹೊರಗೆ ಬರುವುದು. ರಜೆ ಹಾಕಿದ್ದು ಕಡಿಮೆ ಇರುತ್ತದೆ, ತರಬೇತಿ, ಸಭೆ, ಬ್ಯಾಂಕು, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ ಜಾಸ್ತಿ ಇರುತ್ತದೆ. ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. ಚುನಾವಣೆಯ ಪಟ್ಟಿ ಕೆಲಸವನ್ನೂ ಸಾಮಾನ್ಯವಾಗಿ ರಜಾ ದಿನ, ಪಾಠ ಇಲ್ಲದ ಹೊತ್ತಿನಲ್ಲಿ ಮಾಡಿಸಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. 2025ರಲ್ಲಿ ಮಾಸ್ತರರು ಮನೆಮನೆಗೆ ಹೋದ ರಾಜ್ಯದ ಜಾತಿ ಸಮೀಕ್ಷೆಗೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿದ್ದು ನೆನಪಿರಬೇಕು. ಇಂಥದ್ದು ಬಂದಾಗ ಐದು ಮಾಸ್ತರರ ಶಾಲೆಯಿಂದ ಇಬ್ಬರು ಹೋದರೆ ನಡೆಯುತ್ತದೆ. ಇಬ್ಬರ ಶಾಲೆಯಿಂದ ಇಬ್ಬರನ್ನೂ ಒಂದೇ ದಿನ ಕರೆಯಬೇಡಿ ಅಂತ ಮೊದಲೇ ಬರೆದು ಕೊಡುವುದು ನಿಮ್ಮ ಕೈಯಲ್ಲಿದೆ. ಬಹಳ ಸಲ ಕರೆದವರಿಗೆ ಅದು ಇಬ್ಬರ ಶಾಲೆ ಅಂತಲೇ ಗೊತ್ತಿರುವುದಿಲ್ಲ.

ಬಿಸಿಯೂಟದ ಬಗ್ಗೆ ಒಂದು ಮಾತು. ಅಡುಗೆಯವರ ಸಂಖ್ಯೆಗೂ ಲೆಕ್ಕ ಇದೆ. 25 ಮಕ್ಕಳವರೆಗೆ ಒಬ್ಬರು, 26ರಿಂದ 100ಕ್ಕೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಅಡುಗೆಯವರು ಒಬ್ಬರು ಕಡಿಮೆ ಇದ್ದರೆ ಆ ಕೆಲಸ ಯಾರು ಮಾಡುತ್ತಾರೆ? ಮಾಸ್ತರು ಮಾಡುತ್ತಾರೆ, ಇಲ್ಲಾ ಏಳನೇ ತರಗತಿ ಹುಡುಗಿಯರು ಮಾಡುತ್ತಾರೆ. ಹಾಗಾಗಿ ಅಡುಗೆ ಸಿಬ್ಬಂದಿ ಕೊರತೆಯನ್ನೂ ಅದೇ ಚಾರ್ಟಿನಲ್ಲಿ ಬರೆಯಿರಿ.

ಯಾರಿಗೆ, ಯಾವಾಗ, ಏನು ಕೇಳಬೇಕು

ಕಾಯಂ ಮಾಸ್ತರು ಬೇಕು ಅಂತ ಕೇಳಿದರೆ ನೇಮಕಾತಿ ಆಗಬೇಕು, ವರ್ಗಾವಣೆ ಕೌನ್ಸೆಲಿಂಗ್ ಆಗಬೇಕು ಅನ್ನುತ್ತಾರೆ. ಅದು ನಿಜ, ಬಿಇಒ ಕೈಯಲ್ಲೂ ಅದು ಇಲ್ಲ. ಕೇಳಿ, ಆದರೆ ಅಷ್ಟನ್ನೇ ಕೇಳಬೇಡಿ. ತಾಲೂಕು ಮಟ್ಟದಲ್ಲೇ ಆಗುವಂಥ ಎರಡು ಕೆಲಸ ಇವೆ.

ಒಂದು, ನಿಯೋಜನೆ ರದ್ದು. ನಿಮ್ಮ ಶಾಲೆಯಿಂದ ಸಂಬಳ, ಕೆಲಸ ಬೇರೆ ಕಡೆ ಅನ್ನುವ ಮಾಸ್ತರು ಇದ್ದಾರಾ ನೋಡಿ. ಇದ್ದರೆ ಮೊದಲು ಅವರನ್ನು ವಾಪಸ್ ಕೇಳಿ. ನನ್ನ ಪ್ರಕಾರ ಬೇಗ ಫಲ ಕೊಡುವ ಮನವಿ ಇದೇ, ಯಾಕೆಂದರೆ ಇದಕ್ಕೆ ಹೊಸ ಹುದ್ದೆಯೂ ಬೇಡ, ಹೊಸ ದುಡ್ಡೂ ಬೇಡ.

ಎರಡು, ಅತಿಥಿ ಶಿಕ್ಷಕರು. ಖಾಲಿ ಹುದ್ದೆ ನೋಡಿ ಇಲಾಖೆ ತಾಲೂಕಿಗೆ ಇಷ್ಟು ಅಂತ ಹಂಚುತ್ತದೆ, ಶಾಲಾ ಮಟ್ಟದಲ್ಲಿ ಆಯ್ಕೆ ನಡೆಯುತ್ತದೆ. ಚಾರ್ಟಿಗೆ ಕಾಯದೆ ಶಾಲೆ ಶುರುವಾಗುವ ಹೊತ್ತಿಗೇ ನಿಮ್ಮ ಮೊದಲ ಅರ್ಜಿ ಬಿಇಒ ಮೇಜಿನ ಮೇಲಿರಬೇಕು, ಆಗಸ್ಟ್‌ನಲ್ಲಿ ಹೋದರೆ ಹಂಚಿಕೆ ಬಹುತೇಕ ಮುಗಿದಿರುತ್ತದೆ. ಆಯ್ಕೆಯಲ್ಲಿ ಅಧ್ಯಕ್ಷರ ತಂಗಿ, ಮೆಂಬರ ಸೊಸೆ ಅಂತ ನೋಡದೆ ಓದಿದವರನ್ನು, ಊರಲ್ಲೇ ಇರುವವರನ್ನು ನೋಡಿ. ಗೌರವಧನ ತಡವಾಗಿ ಬರುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅರ್ಧದಲ್ಲಿ ಬಿಟ್ಟು ಹೋಗುತ್ತಾರೆ. ತಾಂಡಾ ಶಾಲೆಯಾದರೆ ಲಂಬಾಣಿ ಮಾತು ಬರುವವರು ಸಿಕ್ಕರೆ ಒಂದನೇ ತರಗತಿಗೆ ಅವರನ್ನೇ ಕೊಡಿ. ಮನೆಯಲ್ಲಿ ಕನ್ನಡ ಕೇಳದ ಮಗು ಮೊದಲ ಆರು ತಿಂಗಳು ಸುಮ್ನೆ ಕೂತಿರುತ್ತದೆ, ನಾವು ಅದನ್ನು ದಡ್ಡ ಅಂದುಕೊಳ್ಳುತ್ತೇವೆ. ಖಾನಾಪುರ, ನಿಪ್ಪಾಣಿ ಕಡೆ ಮಾಧ್ಯಮದ ಪ್ರಶ್ನೆಯೂ ಇದೆ. ಮರಾಠಿ ಶಾಲೆಗೆ ಕನ್ನಡ ಮಾಧ್ಯಮದ ಅತಿಥಿ ಶಿಕ್ಷಕರನ್ನು ಕೊಟ್ಟರೆ ಲೆಕ್ಕ ಭರ್ತಿಯಾಗುತ್ತದೆ, ಪಾಠ ಆಗುವುದಿಲ್ಲ. ಅರ್ಜಿಯಲ್ಲಿ ಮಾಧ್ಯಮ ಬರೆಯುವುದು ಮರೆಯಬೇಡಿ.

ಮನವಿ ಒಂದು ಪುಟ ಮೀರಬಾರದು. ಮೂರು ಪುಟ ಬರೆದರೆ ಯಾರೂ ಓದುವುದಿಲ್ಲ, 'ಗ್ರಾಮೀಣ ಬಡ ಮಕ್ಕಳ ಉಜ್ವಲ ಭವಿಷ್ಯ' ಅಂತ ಶುರು ಮಾಡಿದರಂತೂ ಮೊದಲ ಸಾಲೇ ಓದುವುದಿಲ್ಲ. ಉದಾಹರಣೆಗೆ ಹೀಗೆ ಬರೆಯಿರಿ:

'ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 64 ಮಕ್ಕಳಿದ್ದಾರೆ. ಮಂಜೂರಾದ ಹುದ್ದೆ 3. ಒಬ್ಬ ಶಿಕ್ಷಕರು ಜೂನ್‌ನಿಂದ ಬೇರೆ ಶಾಲೆಗೆ ನಿಯೋಜನೆಯಲ್ಲಿದ್ದಾರೆ. ಜುಲೈ ತಿಂಗಳ 24 ಶಾಲಾ ದಿನಗಳಲ್ಲಿ ಮುಖ್ಯ ಶಿಕ್ಷಕರು 7 ದಿನ ಸಭೆ, ತರಬೇತಿಗೆ ಹೋಗಿದ್ದರಿಂದ ಆ 7 ದಿನ ಐದೂ ತರಗತಿಗೆ ಒಬ್ಬರೇ ಶಿಕ್ಷಕರಿದ್ದರು. ದಿನವಹಿ ಚಾರ್ಟ್ ಲಗತ್ತಿಸಿದೆ. ನಿಯೋಜನೆ ರದ್ದುಪಡಿಸಬೇಕು, ಅದು ಆಗುವವರೆಗೆ ಒಬ್ಬ ಅತಿಥಿ ಶಿಕ್ಷಕರನ್ನು ಕೊಡಬೇಕು. ಎಸ್‌ಡಿಎಂಸಿ ಠರಾವಿನ ಪ್ರತಿ ಲಗತ್ತಿಸಿದೆ.'

ಇಷ್ಟೇ. ಸಂಖ್ಯೆ ನಿಮ್ಮದು ಹಾಕಿ. ಕೊಟ್ಟ ಮೇಲೆ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 'ಇಡ್ರೀ, ನೋಡ್ತೀವಿ' ಅಂದರೆ ಎದ್ದು ಬರಬೇಡಿ. ಒಂದು ಪ್ರತಿ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕಚೇರಿಗೂ ಹೋಗಲಿ. ಬೆಳಗಾವಿ ಜಿಲ್ಲೆಯವರು ಗಮನಿಸಿ, ಶಿಕ್ಷಣ ಇಲಾಖೆಗೆ ನಿಮ್ಮದು ಎರಡು ಜಿಲ್ಲೆ. ಅಥಣಿ, ರಾಯಬಾಗ ಕಡೆಯವರಿಗೆ ಡಿಡಿಪಿಐ ಚಿಕ್ಕೋಡಿಯಲ್ಲಿ, ಬೆಳಗಾವಿಯಲ್ಲಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗೆ ಮೇಲಿನ ವಿಭಾಗೀಯ ಕಚೇರಿ ಧಾರವಾಡದಲ್ಲಿದೆ.

ಶಾಲೆಗೆ ಬೀಗ ಜಡಿದು ಪ್ರತಿಭಟನೆ ಮಾಡುವುದು ನಮ್ಮ ಕಡೆ ರೂಢಿಯಾಗಿದೆ. ಪೇಪರಲ್ಲಿ ಫೋಟೋ ಬರುತ್ತದೆ, ಅಧಿಕಾರಿಗಳು ಬಂದು ಭರವಸೆ ಕೊಡುತ್ತಾರೆ. ನನಗೆ ಇದು ಸೇರುವುದಿಲ್ಲ. ಅವತ್ತು ಪಾಠ ಹೋಗುವುದು ನಮ್ಮ ಮಕ್ಕಳದ್ದು, ಊಟ ತಪ್ಪುವುದೂ ಅವರದ್ದೇ.

ನೆರವು ಅಂದರೆ ಬರೀ ಮಾಸ್ತರಲ್ಲ

ಸಣ್ಣ ಶಾಲೆಯಲ್ಲಿ ಆಪ್ತ ಸಮಾಲೋಚಕರು, ವಿಶೇಷ ಶಿಕ್ಷಕರು, ನರ್ಸು ಅಂತ ಯಾರೂ ಇರುವುದಿಲ್ಲ. ಎಲ್ಲ ನೆರವೂ ಹೊರಗಿನಿಂದ ಬರಬೇಕು, ಬರುವವರನ್ನು ಹಿಡಿದು ತರಬೇಕು. ಅದಕ್ಕೆ ಮೊದಲು ಯಾವ ಮಗುವಿಗೆ ಏನು ಬೇಕು ಅಂತ ಗೊತ್ತಿರಬೇಕಲ್ಲ?

ಒಂದು ಮಧ್ಯಾಹ್ನ ಕೂತು ಮೂರನೇ ತರಗತಿಯಿಂದ ಮೇಲಿನ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಎರಡನೇ ತರಗತಿ ಪುಸ್ತಕದ ಒಂದು ಪ್ಯಾರಾ ಓದಿಸಿ, ಒಂದು ಕಳೆಯುವ ಲೆಕ್ಕ ಕೊಡಿ. ಮಾಸ್ತರು ಜೊತೆಗಿರಲಿ. ಇದು ಪರೀಕ್ಷೆ ಅಲ್ಲ, ಅಂಕ ಬರೆಯಬೇಡಿ, ಇನ್ನೊಬ್ಬರ ಎದುರಿಗೆ ಓದಿಸಬೇಡಿ. ಓದಲು ಬಾರದ ಮಕ್ಕಳ ಹೆಸರಿನ ಮುಂದೆ ಕಾರಣ ಬರೆಯಿರಿ. ಬಹಳ ಸಲ ಕಾರಣ ಒಂದೇ ಇರುವುದಿಲ್ಲ. ಒಬ್ಬನಿಗೆ ಹಲಗೆ ಕಾಣುವುದಿಲ್ಲ, ಒಬ್ಬಳು ವಾರಕ್ಕೆ ಮೂರೇ ದಿನ ಬರುತ್ತಾಳೆ, ಒಬ್ಬ ಹೋದ ವರ್ಷ ಐದು ತಿಂಗಳು ಕಬ್ಬಿನ ಫಡದಲ್ಲಿದ್ದ, ಒಬ್ಬನಿಗೆ ಮಾತು ಕೇಳಿಸುವುದೇ ಅರ್ಧ. ಇವರೆಲ್ಲರನ್ನೂ 'ಹಿಂದುಳಿದವರು' ಅಂತ ಒಂದೇ ಬೆಂಚಿಗೆ ಕೂರಿಸಿದರೆ ಯಾರಿಗೂ ಉಪಯೋಗ ಇಲ್ಲ.

ಕಣ್ಣು, ಕಿವಿ, ರಕ್ತಹೀನತೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವಾಹನದಲ್ಲಿ ಶಾಲೆಗೆ ಬರುತ್ತದೆ, 18 ವರ್ಷದವರೆಗಿನ ಮಕ್ಕಳಿಗೆ ಇದು. ತಂಡ ಬರುವ ದಿನ ನಿಮ್ಮ ಪಟ್ಟಿಯ ಮಕ್ಕಳು ತಪ್ಪದೆ ಶಾಲೆಯಲ್ಲಿರಬೇಕು. ತಂಡ ಚೀಟಿ ಬರೆದು ತಾಲೂಕು ಆಸ್ಪತ್ರೆಗೆ ಕಳಿಸಿದ ಮೇಲೆ ಅರ್ಧ ಜನ ಹೋಗುವುದೇ ಇಲ್ಲ, ದಿನಗೂಲಿ ತಪ್ಪುತ್ತದೆ ಅಂತ. ಎಸ್‌ಡಿಎಂಸಿಯಿಂದ ಒಬ್ಬರು ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗಿ ಬಂದರೆ ಕನ್ನಡಕ ಬರುತ್ತದೆ. ಕನ್ನಡಕ ಬಂದ ಮೇಲೆ ಓದುವ ಮಗುವನ್ನು ನೋಡಿದರೆ ಇಷ್ಟು ದಿನ ಬೈದವರಿಗೆ ನಾಚಿಕೆ ಆಗಬೇಕು.

ಅಂಗವಿಕಲ ಮಕ್ಕಳಿಗೆ ತಾಲೂಕಿನ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಇಡೀ ತಾಲೂಕಿಗೆ ಬೆರಳೆಣಿಕೆಯಷ್ಟು ಜನ, ಆದ್ದರಿಂದ ಕರೆದವರ ಊರಿಗೇ ಮೊದಲು ಬರುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆ ಇದೆ, ಅಂಗವಿಕಲ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಸ್ಟೈಪೆಂಡ್ ಇದೆ, ಓಡಾಟಕ್ಕೆ, ಜೊತೆಗೆ ಬರುವವರಿಗೆ ಭತ್ಯೆ ಇದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಮಾಡಿಸಿ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿವೆ, ಕಲಿಕಾ ನ್ಯೂನತೆಯೂ ಅದರಲ್ಲಿದೆ. 'ನೋಡೋಕೆ ಚೆನ್ನಾಗೇ ಇದ್ದಾನಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆ. ಮೂರೂ ತರಗತಿ ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ, ಕಾರ್ಡು ಹಿಡಿದು. 1995ರಲ್ಲಿ ಎಚ್.ಡಿ. ಕೋಟೆಯ ಸಣ್ಣ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ ಇದು. 'ಮೂರು ಕ್ಲಾಸು ಕೂಡಿಸಿಬಿಟ್ಟಿದ್ದಾರೆ' ಅಂತ ಅದಕ್ಕೇ ದೂರು ಕೊಡಬೇಡಿ. ಮಾಸ್ತರು ಆ ಕೋಣೆಯಲ್ಲೇ ಇದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ. ನಾಲ್ಕು ಐದನ್ನೂ ಅದೇ ಕೋಣೆಗೆ ನೂಕಿದಾಗ ಮಾತ್ರ ಕೆಡುತ್ತದೆ. ಚಾರ್ಟಿನಲ್ಲಿ ಈ ಎರಡನ್ನೂ ಬೇರೆ ಬೇರೆ ತೋರಿಸಿ.

ಸಂಜೆಗೆ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ ನೋಡಿ. ಹಳೆಯ ಗ್ರಂಥಾಲಯವೇ ಅದು. ಬೀಗ ಹಾಕಿದ್ದರೆ ಪಿಡಿಒಗೆ ಹೇಳಿ ತೆಗೆಸಿ, ಪಿಯುಸಿ ಓದುವ ಊರಿನ ಹುಡುಗಿಯರು ಇಬ್ಬರು ಒಂದು ತಾಸು ಕೂತರೆ ಚಿಕ್ಕವರಿಗೆ ಓದು ಹಿಡಿಯುತ್ತದೆ. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹುಡುಗಿಗೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯ್ತಿಯ ಕೂಸಿನ ಮನೆ ದಾರಿ. ನಿಮ್ಮ ಪಂಚಾಯ್ತಿಯಲ್ಲಿ ಅದು ನಡೆಯುತ್ತಿದೆಯಾ, ನಿಮ್ಮ ಓಣಿಗೆ ಹತ್ತಿರ ಇದೆಯಾ ಕೇಳಿ. ಮಕ್ಕಳ ಗ್ರಾಮ ಸಭೆ ಅಂತ ವರ್ಷಕ್ಕೊಮ್ಮೆ ನಡೆಸಬೇಕು. ಅಲ್ಲಿ ಭಾಷಣ ಕಡಿಮೆ ಮಾಡಿಸಿ, ಮಕ್ಕಳಿಂದಲೇ ಚಾರ್ಟು ಓದಿಸಿ. ನಡಾವಳಿಯಲ್ಲಿ ಬರೆಸುವುದು ಬಿಡಬೇಡಿ.

ದುಡ್ಡಿನ ಮಾತು ಚಿಕ್ಕದು. ಸಮಗ್ರ ಶಿಕ್ಷಣದ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಇದರಲ್ಲಿ ಮಾಸ್ತರರ ಸಂಬಳ ಹುಟ್ಟುವುದಿಲ್ಲ. ಊರವರೇ ವಂತಿಗೆ ಎತ್ತಿ ಒಬ್ಬರನ್ನು ಇಟ್ಟುಕೊಂಡ ಊರುಗಳಿವೆ. ತಪ್ಪಲ್ಲ, ಆದರೆ ವಂತಿಗೆ ಕೊಡಲಾಗದವರ ಮಕ್ಕಳ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳಿ, ಮತ್ತು ಖಾಲಿ ಹುದ್ದೆಯ ಮನವಿ ನಿಲ್ಲಿಸಬೇಡಿ. ಊರವರೇ ನಡೆಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾದರೆ ಕಚೇರಿ ನಿಮ್ಮ ಕಡತವನ್ನು ಕೆಳಗೆ ಹಾಕುತ್ತದೆ.

ಏನೂ ಆಗಲಿಲ್ಲ ಅಂದರೆ

ಒಂದು ತಿಂಗಳು ಕಾಯಿರಿ. ಆಮೇಲೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 'ಯಾಕೆ ಕೊಟ್ಟಿಲ್ಲ' ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡುವುದಿಲ್ಲ. ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ನಿಯೋಜನೆ ಆದೇಶದ ಪ್ರತಿ, ತಾಲೂಕಿಗೆ ಹಂಚಿದ ಅತಿಥಿ ಶಿಕ್ಷಕರ ಶಾಲಾವಾರು ಪಟ್ಟಿ, ಈ ಮೂರು ದಾಖಲೆ ಕೇಳಿ. 30 ದಿನದಲ್ಲಿ ಕೊಡಬೇಕು. ಆ ಪಟ್ಟಿ ಬಂದರೆ ಪಕ್ಕದ ಯಾವ ಶಾಲೆಯಲ್ಲಿ ಮಕ್ಕಳು ಕಡಿಮೆ, ಮಾಸ್ತರರು ಜಾಸ್ತಿ ಅಂತ ನಿಮಗೇ ಕಾಣುತ್ತದೆ. ಎರಡನೇ ಮನವಿಯಲ್ಲಿ ಅದನ್ನೇ ಬರೆಯಿರಿ.

ಅದಕ್ಕೂ ಮಿಸುಕದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಇದೆ. ಸ್ಥಳೀಯ ಪ್ರಾಧಿಕಾರಕ್ಕೆ ಬರೆದು ಕೊಟ್ಟ ದೂರಿಗೆ 3 ತಿಂಗಳೊಳಗೆ ತೀರ್ಮಾನ ಆಗಬೇಕು, ಆಗದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ದೂರಿಗೆ ಚಾರ್ಟು, ಠರಾವು, ಸೀಲು ಹಾಕಿದ ಮನವಿ ಪ್ರತಿ, ಮಾಹಿತಿ ಹಕ್ಕಿನ ಉತ್ತರ ನಾಲ್ಕನ್ನೂ ಲಗತ್ತಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ಝೆರಾಕ್ಸ್ ಕೊಡಿ. ಎಸ್‌ಡಿಎಂಸಿ ಬದಲಾದರೆ ಆ ಫೈಲು ಹೊಸ ಅಧ್ಯಕ್ಷರ ಕೈಗೆ ಹೋಗಬೇಕು, ಹಳೇ ಅಧ್ಯಕ್ಷರ ಟ್ರಂಕಿನಲ್ಲಿ ಉಳಿಯಬಾರದು.